ಬೊಮ್ಮಯ್ಯನ ಪಾಲಿನ ಹೆಸರು

ಸೇವಂತಿಗೆ ಹಾರ ಹಿಡಿದುಕೊಂಡು ಮೂರನೆಯ ಮಹಡಿಗೆ ಹತ್ತಿ ಬಂದ ನಾಲ್ವರಿಗೆ, ತೆರೆದ ಬಾಗಿಲಲ್ಲಿ ನಿಂತು ‘ಬನ್ನಿ’ ಎಂದವನು ಸತ್ತವನೇ. ಮುಂದಿದ್ದವನು ಎರಡು ಮೆಟ್ಟಿಲು ಹಿಂದಕ್ಕೆ ಸರಿದ. ಹಾರ ಹಿಡಿದವನು ಅದನ್ನು ಬೆನ್ನ ಹಿಂದೆ ಬಚ್ಚಿಟ್ಟ.

“ಅಯ್ಯ ಬಾಬೋಯ್! ಮಹಾಬಲೇಶ್ವರ ಗಾರೂ, ಮೀರು ಉನ್ನಾರಾ?”

“ಇದ್ದೇನೆ. ಹೋದವರು ನಮ್ಮಣ್ಣ,” ಎಂದು ಅವನು ತೆಲುಗಿನಲ್ಲೇ ಹೇಳಿದ.

ನಾಲ್ವರೂ ಅವನ ಕಾರ್ಖಾನೆಯವರು. ಸಮಾಧಾನವಾಯಿತೆಂದು ಬಾಯಲ್ಲಿ ಹೇಳಿದರು. ಒಬ್ಬ ಮಾತ್ರ, ಹಾಗಾದರೆ ಇವತ್ತು ಸೆಕ್ಷನ್ನಿಗೆ ರಜೆ ಇಲ್ಲವೇನೋ ಎಂದು ಪಕ್ಕದವನನ್ನು ಮೆಲ್ಲಗೆ ಕೇಳಿದ. ಇನ್ನೊಬ್ಬನ ಬಾಯಿಂದ ಪೆಸರಟ್ಟಿನ ಶುಂಠಿ ಚಟ್ನಿಯ ವಾಸನೆ ಬರುತ್ತಿತ್ತು. ಮೂವತ್ಮೂರು ವರ್ಷ ನೌಕರಿ ಮಾಡಿದವನ ಸಾವಿಗೆ ಬಂದದ್ದು ನಾಲ್ಕು ಜನ, ಅದೂ ತಿಂಡಿ ಮುಗಿಸಿಕೊಂಡು. ತಂದ ಹಾರವನ್ನು ಏನು ಮಾಡುವುದೆಂದು ತಿಳಿಯದೆ ಒಳಗೆ ಚಾಪೆಯ ಮೇಲಿದ್ದ ಹೆಣಕ್ಕೆ ಹಾಕಿದರು.

ಹಾಗೆ ನೋಡಿದರೆ ಅವರು ಕೇಳಿದ ಸುದ್ದಿ ಸುಳ್ಳಲ್ಲ. ನಸುಕಿನಲ್ಲಿ ಬಂದ ಡಾಕ್ಟರು ನಾಡಿ ನೋಡಿ, ಇವರ ಹೆಸರೇನು ಎಂದು ಕೇಳಿದಾಗ, ಒಂದು ದಿನವೂ ಗಂಡನ ಹೆಸರು ಹಿಡಿದು ಹೇಳದ, ಸತ್ತವನ ಹೆಂಡತಿ ತುಳಸಿ ‘ಮಹಾಬಲೇಶ್ವರ’ ಎಂದಿದ್ದಳು. ಡಾಕ್ಟರು ಮೆಟ್ಟಿಲಿಳಿಯುತ್ತಾ ವಾಚ್‌ಮನ್‌ಗೆ ಹೇಳಿದರು, ವಾಚ್‌ಮನ್ ಕಾರ್ಖಾನೆಯ ಬಸ್ಸಿನವನಿಗೆ ಹೇಳಿದ. ಚಾಪೆಯ ಮೇಲೆ ಮಲಗಿದವನೇ ನಿಜವಾದ ಮಹಾಬಲೇಶ್ವರ. ಬಾಗಿಲಲ್ಲಿ ನಿಂತವನಿಗೆ ಹೆತ್ತವರು ಇಟ್ಟ ಹೆಸರು ಬೊಮ್ಮಯ್ಯ. ಅಣ್ಣನ ಹೆಸರಿನಲ್ಲಿ, ಅಣ್ಣನ ಸರ್ಟಿಫಿಕೇಟಿನಲ್ಲಿ ತಮ್ಮ ನೌಕರಿ ಮಾಡುತ್ತಿದ್ದ.

ಹೆಂಡತಿ ಕನಕದುರ್ಗ ಅವನನ್ನು ಅಡಿಗೆಮನೆಗೆ ಕರೆದಳು.

“ಏಮಂಡೀ, ರಿಟೈರ್ ಆಗೋಕೆ ಮೂರೇ ತಿಂಗಳು. ಪೆನ್ಷನ್ ಪೇಪರು ಇನ್ನೂ ಆಫೀಸಲ್ಲೇ ತಿರುಗ್ತಾ ಇದೆ. ಅದೇ ಹೆಸರು, ಅದೇ ತಂದೆ, ಅದೇ ಡೋರ್ ನಂಬರು, ಆದರೆ ಮನುಷ್ಯ ಸತ್ತಿದ್ದಾನೆ ಅಂತ ಮುನ್ಸಿಪಾಲ್ಟಿ ಬುಕ್ಕಲ್ಲಿ ಬಂದ್ರೆ ಏನಂಡಿ ಗತಿ?”

“ಡಾಕ್ಟರಿಗೆ ಅತ್ಗೆ ಹೇಳ್ಬಿಟ್ಟದೆ.”

“ಡಾಕ್ಟರು ನಂಗೆ ಹೇಳಿದ್ರು, ಸ್ಮಶಾನದ ಚೀಟೀಲಿ ಯಾವ ಹೆಸರಿದೆಯೋ ಅದೇ ಬರೆದುಕೊಡ್ತೀನಿ ಅಂತ. ಬೊಮ್ಮಯ್ಯ ಅಂತ ಬರೆಸಿಬಿಡಿ. ಬೊಮ್ಮಯ್ಯ ಅನ್ನೋ ಮನುಷ್ಯ ಈಗ ಎಲ್ಲಿದ್ದಾನೆ, ಹೇಳಿ?”

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಸಾವು ನಡೆದ ಊರಿನಲ್ಲೇ ಅದನ್ನು ಬರೆಸಬೇಕೆಂಬುದು ಕಾನೂನು. ಅಣ್ಣ ವಾಸವಿದ್ದ ವಿಜಯವಾಡದಲ್ಲೇ ಪ್ರಾಣ ಹೋಗಿದ್ದರೆ ಅಲ್ಲಿಯ ಪುಸ್ತಕದಲ್ಲಿ ಒಬ್ಬ ಮಹಾಬಲೇಶ್ವರ ಸತ್ತಿದ್ದು ಇಲ್ಲಿ ವಿಶಾಖಪಟ್ಟಣದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಎದೆನೋವು ತೋರಿಸಲೆಂದು ಹತ್ತು ದಿನದ ಹಿಂದೆ ಬಂದ ಅಣ್ಣ, ಸಾಯುವುದಕ್ಕೂ ತನ್ನ ಮನೆಯನ್ನೇ ಹುಡುಕಿಕೊಂಡನಲ್ಲ ಎಂದು ಬೊಮ್ಮಯ್ಯನಿಗೆ ಸಿಟ್ಟು ಬಂತು. ಹೆಣದ ಮೇಲೂ ಸಿಟ್ಟು ಬರುತ್ತದೆ ಎಂಬುದು ಅವನಿಗೆ ಅವತ್ತೇ ಗೊತ್ತಾದದ್ದು.

ತುಳಸಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

“ಬೊಮ್ಮಯ್ಯಾ, ವಿಜಯವಾಡದ ಮನೆ ಪಟ್ಟಾ ಅವರ ಹೆಸರಲ್ಲಿ ಉಂಟು. ಬೇರೆ ಹೆಸರಿನ ಸರ್ಟಿಫಿಕೇಟು ತಕ್ಕೊಂಡು ಹೋದ್ರೆ ನಾನು ಯಾರ ಹೆಂಡ್ತಿ ಹೇಳಿ ತೋರ್ಸುದು?”

“ಅತ್ಗೇ, ಮೂರು ತಿಂಗಳು ತಡಿ…”

“ಬದುಕಿದ್ದಷ್ಟು ದಿನ ಅವ್ರು ನಿಂಗೆ ಬಿಟ್ಟುಕೊಟ್ರು. ನಾನೂ ಒಂದು ಮಾತು ಆಡ್ಲಿಲ್ಲ. ಈಗ ಅವರ ಹೆಸ್ರು ಅವರಿಗೆ ತಿರುಗಿ ಕೊಡು.”

ಬಿಸಿತುಪ್ಪದ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು. ಬೊಮ್ಮಯ್ಯ ನಲ್ಲಿ ತಿರುಗಿಸಿ ಕೈ ತೊಳೆದುಕೊಂಡ.

*

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರೆ. ಆದರೆ ದಾಯಾದಿತನಕ್ಕೂ ಎರಡು ಕೈ ಸೇರಬೇಕು. ಇಲ್ಲಿ ಹೊಟ್ಟೆಕಿಚ್ಚೆಲ್ಲ ಒಂದೇ ಕಡೆಯದು. ಅಂಕೋಲೆಯ ಶಾಲೆಯಲ್ಲಿ ಅಣ್ಣನಿಗೆ ಫಸ್ಟ್ ಕ್ಲಾಸ್ ಬಂತು. ತಮ್ಮ ಅದೇ ಮೇಷ್ಟ್ರ ಕೈಯಲ್ಲಿ ಅದೇ ಪರೀಕ್ಷೆಗೆ ಮೂರು ಸಲ ಕೂತು ಮೂರು ಸಲವೂ ಬಿದ್ದ. ಇಬ್ಬರೂ ವಿಜಯವಾಡಕ್ಕೆ ಬಂದು ಸೋದರಮಾವನ ಮೆಸ್ಸಿನಲ್ಲಿ ಪಾತ್ರೆ ತೊಳೆಯುತ್ತಿದ್ದಾಗ, ೧೯೭೩ರಲ್ಲಿ, ವಿಶಾಖಪಟ್ಟಣದ ಸರ್ಕಾರಿ ಕಾರ್ಖಾನೆಯಿಂದ ಅಣ್ಣನಿಗೆ ಇಂಟರ್‌ವ್ಯೂ ಕಾಗದ ಬಂತು. ಆಗಲೇ ಅಣ್ಣನಿಗೆ ಟೈಫಾಯ್ಡು. ಬೇರೆ ತಾರೀಖು ಕೇಳಿಕೊಂಡು ಬರಲೆಂದು ಬೊಮ್ಮಯ್ಯ ಅಣ್ಣನ ಸರ್ಟಿಫಿಕೇಟು ಹಿಡಿದು ರೈಲು ಹತ್ತಿದ. ತಾರೀಖು ಕೇಳಲಿಲ್ಲ. ನೌಕರಿ ತೆಗೆದುಕೊಂಡು ಬಂದ.

ಅಣ್ಣ ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡೇ ಬಂದಿದ್ದ. ಹೊಡೆದಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಅಣ್ಣ ಗಂಜಿ ಕುಡಿದು ಬಾಯಿ ಒರೆಸಿಕೊಂಡು, “ಇಬ್ರಲ್ಲಿ ಒಬ್ರಿಗೆ ಸಿಕ್ಕಿತಲ್ಲ ಮಾರಾಯ. ಹೆಸ್ರು ಮನೇದೇ ಅಲ್ದಾ?” ಎಂದು ಗೋಡೆ ಕಡೆ ತಿರುಗಿ ಮಲಗಿ ನಿದ್ದೆ ಹೋದ. ಆ ನಿದ್ದೆಯನ್ನು ಕಂಡು ಬೊಮ್ಮಯ್ಯನ ಹೊಟ್ಟೆ ಉರಿಯಿತು. ಅಂಥ ನಿದ್ದೆ ಅವನಿಗೆ ಅಂದಿನಿಂದ ಬರಲಿಲ್ಲ.

ಆಮೇಲೆ ತುಳಸಿಯ ಅಪ್ಪ ಹೆಣ್ಣು ಕೊಡಲು ಬಂದು ಮನೆಯ ಗುಟ್ಟು ತಿಳಿದು, ನೌಕರಿಯವ ಬೇಕೋ ಹೆಸರಿನವ ಬೇಕೋ ಎಂದು ಮಗಳನ್ನು ಕೇಳಿದನಂತೆ. ‘ಹೆಸರಿನವ’ ಎಂದಳಂತೆ. ಬೊಮ್ಮಯ್ಯ ಆ ಮದುವೆಯಲ್ಲಿ ಓಡಾಡಿ ಬಡಿಸಿದ, ಊಟ ಮಾತ್ರ ಮಾಡಲಿಲ್ಲ.

*

ವಿಜಯವಾಡದವರು ಬೆಳಗಿನ ರೈಲಿಗೆ ಹೊರಟು ಮಧ್ಯಾಹ್ನಕ್ಕೆ ಬಂದಿಳಿದರು. ಎಂಟೋ ಹತ್ತೋ ಜನ ಬರಬಹುದು ಎಂದುಕೊಂಡಿದ್ದ ಬೊಮ್ಮಯ್ಯ ಬಾಲ್ಕನಿಯಿಂದ ಬಗ್ಗಿ ನೋಡಿದರೆ ಎಂವಿಪಿ ಕಾಲೋನಿಯ ಆ ಓಣಿಯಲ್ಲಿ ಆಟೋಗಳು ಸಾಲುಗಟ್ಟಿದ್ದವು. ವಿಜಯವಾಡದ ಬೆಂಜ್ ಸರ್ಕಲ್ ಹಿಂದಿನ ಅದೇ ಮೆಸ್ಸಿನಲ್ಲಿ ಅಣ್ಣನ ಕೈಯ ಸಾರು ಉಂಡವರು. ಆಸ್ಪತ್ರೆಯ ನರ್ಸುಗಳಿದ್ದರು, ಔಷಧಿ ಕಂಪನಿಯ ಹುಡುಗರಿದ್ದರು, ಸೈಕಲ್ ರಿಕ್ಷಾದ ಮುದುಕನೂ ಒಬ್ಬನಿದ್ದ. ಅಲ್ಲಿ ಅಣ್ಣನನ್ನು ಎಲ್ಲರೂ ಬಾಬ್ಜಿ ಎನ್ನುತ್ತಿದ್ದರು. ಮಹಾಬಲೇಶ್ವರ ಎಂಬುದು ಅವರಲ್ಲಿ ಬಹಳ ಜನಕ್ಕೆ ಗೊತ್ತೇ ಇರಲಿಲ್ಲ. ಹೆಸರೇ ಇಲ್ಲದವನಿಗೆ ಇಷ್ಟು ಅಳು! ಕಾರ್ಖಾನೆಯ ನಾಲ್ವರು ಗೋಡೆಗೆ ಒತ್ತಿಕೊಂಡು ಅವರಿಗೆ ಜಾಗ ಬಿಟ್ಟರು. ಬೊಮ್ಮಯ್ಯನಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಅಸೂಯೆಯಾಯಿತು.

ಸುಮಂತ್ ಎಂಬ ದಾವಣಗೆರೆಯ ಹುಡುಗ ಕಣ್ಣೊರೆಸಿಕೊಂಡು ಹತ್ತಿರ ಬಂದ.

“ನೀವು ಬೊಮ್ಮಯ್ಯ ಅಂಕಲ್ ಅಲ್ವಾ?”

ಬೊಮ್ಮಯ್ಯ ಬೆಚ್ಚಿ ಕಾರ್ಖಾನೆಯವರ ಕಡೆ ನೋಡಿದ. ಅವರಿಗೆ ಕನ್ನಡ ತಿಳಿಯದು, ಈ ಕಡೆ ಕಿವಿಯೂ ಇರಲಿಲ್ಲ.

“ನಿಂಗೆ ಯಾರು ಹೇಳಿದ್ರು?”

“ಬಾಬ್ಜಿ ಅಂಕಲ್ ದಿನಾ ಹೇಳೋರು. ‘ನಮ್ಮ ಬೊಮ್ಮಯ್ಯ ವೈಜಾಗಲ್ಲಿ ದೊಡ್ಡ ಕಾರ್ಖಾನೇಲಿ ಅದಾನೆ, ಸ್ಟೋರೆಲ್ಲ ಅವನ ಕೈಲೇ’ ಅಂತ. ನಮ್ಮ ಮೆಸ್ಸಲ್ಲಿ ನಿಮ್ಮ ಹೆಸರು ಗೊತ್ತಿಲ್ದೋರು ಯಾರೂ ಇಲ್ಲ ಬಿಡಿ.”

ಅಣ್ಣ ತನ್ನನ್ನು ಎಲ್ಲೂ ದೂರಿರಲಿಲ್ಲ ಎಂದು ತಿಳಿದು ಬೊಮ್ಮಯ್ಯನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ತನ್ನ ಹೆಸರನ್ನು ಸಾಕಿ ಬೆಳೆಸಿದ ಪುಣ್ಯವೂ ಅಣ್ಣನ ಪಾಲಿಗೇ ಹೋಯಿತಲ್ಲ ಎನಿಸಿತು.

*

ಕೊಳ್ಳಿ ಇಟ್ಟು, ಮಿಂದು, ಒದ್ದೆ ಪಂಚೆಯಲ್ಲೇ ಬೊಮ್ಮಯ್ಯ ಸ್ಮಶಾನದ ಗೇಟಿನ ಪಕ್ಕದ ಕೋಣೆಗೆ ಹೋದ. ಅಲ್ಲಿ ಕಾಮೇಶ್ವರ ಎಂಬ ಕಾವಲುಗಾರ ಉದ್ದನೆಯ ಪುಸ್ತಕ ತೆರೆದು ಕೂತಿದ್ದ.

“ಚೀಟಿ ಇಲ್ಲದಿದ್ದರೆ ವಾರ್ಡ್ ಆಫೀಸಿನಲ್ಲಿ ಬರೆದುಕೊಳ್ಳುವುದಿಲ್ಲ,” ಎಂದು ಅವನು ತೆಲುಗಿನಲ್ಲಿ ಹೇಳಿದ. “ಒಂದು ಸಲ ಬರೆದದ್ದನ್ನು ತಿದ್ದಲು ಕೋರ್ಟಿಗೆ ಅಲೆಯಬೇಕು. ಸರಿಯಾಗಿ ಹೇಳಿ. ಸತ್ತವರ ಹೆಸರು?”

ದಾರಿಯುದ್ದಕ್ಕೂ ಬೊಮ್ಮಯ್ಯ ತನ್ನ ಹೆಸರನ್ನೇ ನಾಲಗೆಯ ಮೇಲಿಟ್ಟುಕೊಂಡು ಬಂದಿದ್ದ. ಮೂರಕ್ಷರ ಹೇಳಿದರೆ ಪಿಂಚಣಿ ಉಳಿಯುತ್ತದೆ. ಮನೆ ಹೋಗುವುದು ತುಳಸಿಯದು. ಹೆಸರಿನವ ಬೇಕೆಂದಿದ್ದಳಲ್ಲ, ಅನುಭವಿಸಲಿ. ಬಾಯಿ ತೆರೆದ. ಕಿಟಕಿಯಾಚೆ ಬೇವಿನ ಮರದ ಕೆಳಗೆ ಆ ಜನವೆಲ್ಲ ನಿಂತಿತ್ತು. ನರ್ಸು ಹುಡುಗಿಯೊಬ್ಬಳು ಇನ್ನೂ ಬಿಕ್ಕುತ್ತಿದ್ದಳು.

ಅಣ್ಣ ಇಷ್ಟು ಜನರನ್ನು ತೆಗೆದುಕೊಂಡ. ತುಳಸಿಯನ್ನು ತೆಗೆದುಕೊಂಡ. ಮಾರ್ಕು, ನಿದ್ದೆ, ಒಳ್ಳೆಯತನ, ಯಾವುದನ್ನೂ ತನಗೆ ಬಿಡಲಿಲ್ಲ. ಅವ್ವ ಕೂಗಿ ಕರೆಯುತ್ತಿದ್ದ ಹೆಸರೊಂದೇ ತನ್ನದು, ತನ್ನೊಬ್ಬನದು. ಅದನ್ನೂ ಅಣ್ಣನ ಹೆಣಕ್ಕೆ ಹೊದಿಸಿ ಸುಟ್ಟುಬಿಡಬೇಕೆ? ಕೊಡುವುದಿಲ್ಲ. ಸತ್ತರೂ ಕೊಡುವುದಿಲ್ಲ.

“ಮಹಾಬಲೇಶ್ವರ,” ಎಂದ. ತಂದೆಯ ಹೆಸರು ಹೇಳಿದ. ಡೋರ್ ನಂಬರು ಹೇಳಿದ. ಕಾಮೇಶ್ವರ ಅವಸರವಿಲ್ಲದೆ ಬರೆದುಕೊಂಡ.

“ಹೇಳಿಕೆ ಕೊಟ್ಟವರು ಇಲ್ಲಿ ಹೆಸರು ಬರೆಯಿರಿ.”

ಬೊಮ್ಮಯ್ಯ ಪೆನ್ನು ತೆಗೆದುಕೊಂಡ. ಮೂವತ್ಮೂರು ವರ್ಷದಿಂದ ಬರೆಯದ ತನ್ನ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಬರೆದ. ಬರೆದು ಮುಗಿಸಿ, ಚೀಟಿ ಸಿದ್ಧವಾಗುವವರೆಗೆ ಹೊರಗೆ ಹೋಗಿ ಕಾರ್ಖಾನೆಯ ನಾಲ್ವರ ಪಕ್ಕದಲ್ಲಿ ನಿಂತ. ಪೆನ್ಷನ್ ಪೇಪರು ಎಲ್ಲಿಯವರೆಗೆ ಬಂತು ಎಂದು ಅವರಲ್ಲೊಬ್ಬ ಕೇಳಿದ. ಉತ್ತರ ಹೇಳುವಷ್ಟರಲ್ಲಿ ಕಾಮೇಶ್ವರ ಬಾಗಿಲಿಗೆ ಬಂದು, ಚೀಟಿಯನ್ನು ಮೇಲೆತ್ತಿ, ದೊಡ್ಡ ದನಿಯಲ್ಲಿ ಕೂಗಿದ.

“ಬೊಮ್ಮಯ್ಯ ಗಾರೂ! ಬೊಮ್ಮಯ್ಯ ಎವರಂಡಿ ಇಕ್ಕಡ?”

ಬೇವಿನ ಮರದ ಕೆಳಗಿನ ಜನರೆಲ್ಲ ಒಮ್ಮೆಗೇ ಬೊಮ್ಮಯ್ಯನ ಕಡೆ ತಿರುಗಿದರು. ಕಾರ್ಖಾನೆಯ ನಾಲ್ವರು ಮಾತ್ರ ಕತ್ತು ಚಾಚಿ, ಅಷ್ಟು ಜನ ನೋಡುತ್ತಿರುವ ಆ ಬೊಮ್ಮಯ್ಯ ಯಾರೆಂದು ತಮ್ಮ ಬೆನ್ನ ಹಿಂದೆ ಹುಡುಕುತ್ತಿದ್ದರು.