ತತ್ತಿಗಿಲ್ಲದ ಕಾಯ್ದೆ

ಯಲ್ಲವ್ವನಿಗೆ ಸಿಟ್ಟು ಬಂದರೆ ಟಗರೂ ಹಿಂದೆ ಸರಿಯುತ್ತದೆ. ಅಂದು ಬಂದದ್ದು ಅಂಥ ಸಿಟ್ಟು. ಸೊಸೆ ರೂಪಾಲಿ ಶೇಗಾಂವದ ಹತ್ತಿರ ಕೋಳಿಮರಿ ಮಾಡುವ ಹ್ಯಾಚರಿಯಲ್ಲಿ ಕೆಲಸಕ್ಕಿದ್ದಳು. ಒಂದು ದಿನದ ಮರಿಯ ರೆಕ್ಕೆ ಬಿಡಿಸಿ ನೋಡಿ ಹೆಣ್ಣನ್ನು ಪೆಟ್ಟಿಗೆಗೆ, ಗಂಡನ್ನು ಸಾಯಲು ಡ್ರಮ್ಮಿಗೆ ಹಾಕಬೇಕು. ತತ್ತಿ ಇಡದ ಗಂಡನ್ನು ಯಾರು ಸಾಕುತ್ತಾರೆ? ಮನೆಗೆ ಬಂದರೆ ಪಾಪ, ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಬಿಟ್ಟುಬಿಡು ಎಂದು ಅತ್ತೆ, ಪಗಾರದ ಕೆಲಸ ಮತ್ತೆಲ್ಲಿ ಸಿಕ್ಕೀತು ಎಂದು ಸೊಸೆ. ಈಗ ತತ್ತಿಯೊಳಗೇ ಗಂಡೋ ಹೆಣ್ಣೋ ಹೇಳುವ ಮಷೀನು ಬಂದಿದೆಯೆಂದು ರೂಪಾಲಿ ನಗುನಗುತ್ತ ಹೇಳಿದಳು!

"ಏನಂದಿ? ಹುಟ್ಟೂದಕ್ಕಿಂತ ಮೊದಲ ನೋಡ್ತಾರ? ದವಾಖಾನಿ ಗ್ವಾಡಿ ಮ್ಯಾಲ ಬರದಿಲ್ಲೇನ? ನೋಡಿದವ್ರಿಗೂ ಜೇಲ, ತೋರಿಸಿದವ್ರಿಗೂ ಜೇಲ!"

ಹಿಂದೆ ಮಗಳು ಸುಮನ ತನ್ನ ಹೊಟ್ಟೆಯಲ್ಲಿದ್ದಾಗ, ಗಂಡೋ ಹೆಣ್ಣೋ ಎಂದು ಕದ್ದು ನೋಡಿಸಲು ಒಯ್ದ ಮನೆಯವರನ್ನು ಸ್ಟ್ಯಾಂಡಿನಲ್ಲೇ ಬಿಟ್ಟು ಬಸ್ಸು ಹತ್ತಿ ಓಡಿಬಂದವಳು ಈಕೆ. ಮರುದಿನ ಬೆಳಿಗ್ಗೆ ನೇರ ಹ್ಯಾಚರಿಗೇ ನಡೆದಳು.

"ಬರ್ರಿ ಆಯಿ, ಕುಂದ್ರಿ," ಎಂದ ಮ್ಯಾನೇಜರ ಕಲ್ಮೇಶ.

"ಕುಂದ್ರಾಕ ಬಂದಿಲ್ಲ. ನಮ್ಮ ಹುಡಿಗೀನ ಜೇಲಿಗೆ ಹಾಕ್ಸಾಂವ ಅದಿಯೇನ?"

ಸಂಗತಿ ತಿಳಿದು ಕಲ್ಮೇಶ ಬಿದ್ದು ಬಿದ್ದು ನಕ್ಕ. "ಆ ಕಾಯ್ದೆ ಮನಶ್ಯಾರಿಗೆ ರೀ ಆಯಿ, ತತ್ತಿಗಿಲ್ಲ. ಒಂಬತ್ತನೇ ದಿನಕ್ಕ ನೋಡಿ ಗಂಡಿನ ತತ್ತಿ ತಗದಬಿಡ್ತೀವ್ರಿ. ಆಗ ಅದಕ್ಕ ನೋವ ತಿಳಿಯೂದಿಲ್ಲಂತ."

"ತತ್ತಿ ಬಂದ ಹೇಳಿತೇನ?"

"ಕೋಳೀನ ಕೇಳಿ ಯಾರ ಮಸಾಲಿ ಅರೀತಾರ್ರಿ?"

ಯಲ್ಲವ್ವನಿಗೂ ನಗು ತಡೆಯಲಿಲ್ಲ. ಚಹಾ ಕುಡಿದಳು. ಕುಡಿದರೂ ಮನಸ್ಸು ಒಪ್ಪಲಿಲ್ಲ. ಟಗರುಮರಿಗಳನ್ನು ಕಟುಕನಿಗೆ ಮಾರಿದ ಕೈ ತನ್ನದೂ ಹೌದು, ತಾನೇನು ದೊಡ್ಡ ಶರಣೆಯೇ ಎಂದುಕೊಂಡಳು. ಆದರೂ ಒಂಬತ್ತು ದಿನದ ಜೀವ ಜೀವವಲ್ಲವೇ?

ಸಂಜೆ ರೂಪಾಲಿ ಬಂದವಳೇ ಮೂರು ರೊಟ್ಟಿ ಉಂಡಳು. ಅತ್ತೆ ಕಣ್ಣು ಬಿಟ್ಟು ನೋಡುತ್ತಿದ್ದಳು.

"ಅತ್ತಿ, ಚಿಂವ್ ಚಿಂವ್ ಅನ್ನೂ ಮರೀನ ಈ ಕೈಲೆ ಒಗೀತಿದ್ದೆ. ಎಂಟ ದಿನ ಆತು, ಒಂದೂ ಒಗದಿಲ್ಲ. ಪಾಪ ಹೋತು ನೋಡ್ರಿ."

ಯಲ್ಲವ್ವ ಹತ್ತಿರ ಸರಿದಳು. ಸೊಸೆಯ ತಲೆ ನೇವರಿಸಿದಳು.

"ಕೆಲಸ ಬಿಡಬ್ಯಾಡ ತಂಗಿ, ಮಾಡು. ಆದರ ಪಾಪ ಹೋತು ಅನಬ್ಯಾಡ. ಕಡಿಮಿ ಆತು ಅನ್ನು."

ರೂಪಾಲಿ ತನ್ನ ಕೈ ನೋಡಿಕೊಂಡಳು.

"ಕಡಿಮಿ ಆತ್ರಿ, ಅತ್ತಿ," ಎಂದಳು.