ಪಾಲಿನ ಗೋಡೆ

"ಕೈ ತೊಳ್ಕಂಡ್ ಬರ್ರೇ ಮುಂಡೇವಾ, ಬೋರ್ಡ್ ಗಲೀಜಾಗ್ತೈತೆ."

ಕಂಟ್ರಾಕ್ಟರ್ ನಾಗರಾಜ ಹೀಗೆ ಬೈದದ್ದು, ನಮ್ಮನ್ನು ಪಾಲುದಾರರನ್ನಾಗಿ ಮಾಡಿಕೊಂಡ ದಿನವೇ. ದೊಡ್ಡಉಳ್ಳಾರ್ತಿ ಕಾವಲಿನಲ್ಲಿ ಎದ್ದ ಹೊಸ ಕ್ಯಾಂಪಸ್ಸಿಗೆ ಕಾಂಪೌಂಡ್ ಕಟ್ಟುತ್ತಿದ್ದೆವು. ನಮ್ಮ ಕುರಿ ಮೇಯುತ್ತಿದ್ದ ಜಾಗಕ್ಕೆ ನಮ್ಮ ಕೈಯಿಂದಲೇ ಗೋಡೆ. ಕೈ ತೊಳೆದು, ನೀಲಿ ಬಣ್ಣದಲ್ಲಿ ಅದ್ದಿ, ಬಿಳಿ ಬೋರ್ಡಿನ ಮೇಲೆ ಒತ್ತಬೇಕಿತ್ತು.

"ಇನ್ಮೇಲೆ ನೀವು ಕೂಲಿಯವರಲ್ಲ, ಪಾರ್ಟ್ನರ್ಸ್," ಎಂದರು ಎಂಜಿನಿಯರ್ ಪ್ರಭು, ಫೋಟೊ ತೆಗೆಯುತ್ತ. "ಸಿಮೆಂಟ್ ಉಳಿಸಿದ್ರೆ ಅದರಲ್ಲಿ ನಿಮಗೂ ಪಾಲು. ನಾವೆಲ್ಲ ಒಂದೇ ಮನೆಯವರು."

"ನಂಗ್ಯಾಕೋ ಅನುಮಾನ ಕಣೇ ಚಿನ್ನಕ್ಕ," ಎಂದು ಮುದುಕಿ ಸಿದ್ದಕ್ಕ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ಕುರಿಗೆ ಅರಿಶ್ಣ ಹಚ್ಚಾದು ಯಾವಾಗ ಅಂತ ಗೊತ್ತೈತಲ್ಲ."

ಆದರೂ ಒತ್ತಿದಳು. ಒತ್ತದವರಿಗೆ ನಾಳೆಯಿಂದ ಕೆಲಸವಿಲ್ಲ ಎಂದು ನಾಗರಾಜ ಮೊದಲೇ ಹೇಳಿದ್ದ.

ಮಾರನೆಯ ದಿನದಿಂದ ಮೂಟೆ ಸಿಮೆಂಟಿಗೆ ಸುರಿಯುವ ಮರಳಿನ ಬಾಂಡ್ಲಿಗಳು ಹೆಚ್ಚಿದವು. ಹೊರುವವಳು ನಾನು, ನನಗೆ ಗೊತ್ತಾಗದೇ? ಗಾರೆ ಮುಷ್ಟಿಯಲ್ಲಿ ಹಿಡಿದರೆ ಉದುರುತ್ತಿತ್ತು. ಕೇಳಿದ್ದಕ್ಕೆ ನಾಗರಾಜ, "ಹೊರಾದು ನಿನ್ ಕೆಲ್ಸ, ಬಾಯ್ಮುಚ್ಕಂಡ್ ಹೊರು" ಎಂದ. ತಿಂಗಳಿಗೆ ನಮ್ಮ ಪಾಲು ಬಂತು, ತಲೆಗೊಂದು ಮೈಸೂರುಪಾಕು. ನಾಗರಾಜ ಹೊಸ ಬುಲೆಟ್ಟಿನಲ್ಲಿ ಬಂದ.

ಆಷಾಢದ ಗಾಳಿ ಒಂದೇ ಬೀಸಿಗೆ ಮೂವತ್ತಡಿ ಗೋಡೆಯನ್ನು ಮಲಗಿಸಿತು. ಪ್ರಭು ಆ ಬೋರ್ಡನ್ನು ತರಿಸಿದರು.

"ಲಾಭದಲ್ಲಿ ಪಾಲಿದ್ರೆ ನಷ್ಟದಲ್ಲೂ ಇರುತ್ತೆ. ಹನ್ನೆರಡು ದಿನ ಕೂಲಿ ಇಲ್ದೆ ಮತ್ತೆ ಕಟ್ಟಿಕೊಡಿ. ನೋಡಿ, ಎಲ್ಲರ ಕೈಯೂ ಇದರಲ್ಲಿದೆ."

ಹನ್ನೆರಡು ದಿನ ಮಕ್ಕಳ ತಟ್ಟೆಗೆ ಏನು ಹಾಕಲಿ?

ಸಿದ್ದಕ್ಕ ಮುಂದೆ ಹೋದಳು. "ಹಂಗಾರೆ ಸಾಮಿ, ಈ ಬಿದ್ದಿರಾ ಮೂವತ್ತಡಿ ನಮ್ ಪಾಲಾ?"

"ಹೌದು."

"ಎಲ್ರಿಗೂ ಕೇಳಂಗೆ ಹೇಳ್ರಿ."

"ನಿಮ್ಮದೇ ಅಜ್ಜಿ, ನಿಮ್ಮದೇ."

"ಹಂಗಾದ್ರೆ ನಾವು ಕಟ್ಟಲ್ಲ. ನಮ್ ಪಾಲು ಹಿಂಗೇ ಇರ್ಲಿ."

ಬೋರ್ಡನ್ನು ಕಿತ್ತುಕೊಂಡು ಬಿದ್ದ ಇಟ್ಟಿಗೆಗಳ ಮೇಲೆ ಅಡ್ಡಡ್ಡ ಹಾಸಿದಳು. ಪಕ್ಕದಲ್ಲಿ ಬಾಂಡ್ಲಿ ಬೋರಲು ಹಾಕಿ ಅದರ ಮೇಲೆ ಕೂತಳು. ಆಚೆ ರಸ್ತೆ ಬದಿಯ ಒಣಹುಲ್ಲಿನಲ್ಲಿ ಕುರಿ ಬಿಟ್ಟುಕೊಂಡು ನಿಂತಿದ್ದ ತಮ್ಮನನ್ನು ಕೂಗಿದಳು.

"ಲೇ ಹುಲಿಯಪ್ಪ, ಹೊಡಿಯಲೇ ಈ ಕಡೀಕೆ."

"ಏಳೇ ಮೇಲೆ, ಬೇವರ್ಸಿ," ಎಂದು ನಾಗರಾಜ ಅವಳ ತೋಳಿಗೆ ಕೈ ಹಾಕಿದ. ನಾನು ನನ್ನ ಬಾಂಡ್ಲಿಯನ್ನು ಅವಳ ಪಕ್ಕದಲ್ಲಿ ಬೋರಲು ಹಾಕಿ ಕೂತೆ. ನಮ್ಮ ಜೊತೆ ಗಾರೆ ಹೊರುವ ಮೂಗಮ್ಮ ತನ್ನದನ್ನು ಬೋರ್ಡಿನ ಎದುರು ಬದಿಗೆ ಹಾಕಿದಳು. ಆಮೇಲೆ ಒಬ್ಬೊಬ್ಬರೇ ಎಲ್ಲರೂ. ನಾಗರಾಜ ತೋಳು ಬಿಟ್ಟ.

ಎಲ್ಲಕ್ಕಿಂತ ಮುಂದಿದ್ದ ಕುರಿ ಒಂದು ಗಳಿಗೆ ಅನುಮಾನಿಸಿತು. ಬೋರ್ಡನ್ನು ಮೂಸಿತು. ಆಮೇಲೆ ನಮ್ಮ ನೀಲಿ ಕೈಗಳನ್ನು ತುಳಿದುಕೊಂಡು ಒಳಗೆ ಇಳಿಯಿತು. ಹಿಂದೆ ಇನ್ನೂ ಅರವತ್ತು ಕುರಿಗಳಿದ್ದವು.