ಎಡಗೈ ಒಳಗೆ, ಬಲಗೈ ಹೊರಗೆ

ಕನ್ನಡಿಯ ಮೇಲಂಚಿನಲ್ಲಿ ಮತ್ತೆ ಹೆಬ್ಬೆಟ್ಟಿನ ಗುರುತು, ನಿನ್ನೆ ಒರೆಸಿದ್ದೆ, ಮೊನ್ನೆಯೂ ಒರೆಸಿದ್ದೆ, ದಿನಾ ಅದೇ ಜಾಗ, ಅದೇ ಎಡಗೈ, ಒರೆಸುವ ಬಟ್ಟೆ ಹಿಡಿದ ನಾನು ಒಂದು ದಿನವಾದರೂ ಯಾಕೆ ಅಂತ ಕೇಳಿಕೊಂಡೆನಾ, ಇಲ್ಲ, ಅಡುಗೆಮನೆಯಿಂದ ಸೀದ ವಾಸನೆ ಬಂತೆಂದು ಈಗ ಎದ್ದು ಹೋದೆ, ಇಪ್ಪತ್ತೆರಡು ದಿನದಲ್ಲಿ ಮಗಳ ಕೈ ವ್ಯಾಯಾಮದ ನಡುವೆ ಎದ್ದದ್ದು ಇದೇ ಮೊದಲು, ಒಲೆ ಆರಿಸಿ ಬರುವಷ್ಟರಲ್ಲಿ ಮಗಳು ಕನ್ನಡಿಯನ್ನು ಉಲ್ಟಾ ತಿರುಗಿಸಿ ಡಬ್ಬಿಗೆ ಒರಗಿಸಿಕೊಂಡು ಕೂತಿದ್ದಾಳೆ — ಉಲ್ಟಾ ಅಲ್ಲ, ಸರಿಯಾಗಿ, ಇಷ್ಟು ದಿನ ಉಲ್ಟಾ ಇಟ್ಟವಳು ನಾನು. ಗಟ್ಟಿ ಇರುವ ಎಡಗೈ ಕನ್ನಡಿಯ ಮುಂದೆ, ಲಕ್ವ ಹೊಡೆದ ಬಲಗೈ ಕನ್ನಡಿಯ ಹಿಂದೆ, ಎಡಗೈ ಬೆರಳು ಬಿಚ್ಚುತ್ತಾಳೆ, ಕನ್ನಡಿಯೊಳಗೆ ಬಲಗೈ ಇರಬೇಕಾದ ಕಡೆ ಇನ್ನೊಂದು ಕೈ ಬೆರಳು ಬಿಚ್ಚುತ್ತದೆ, ಎಷ್ಟು ಸರಳ, ಚಿಕ್ಕ ಮಗುವಿಗೂ ತಿಳಿಯುವಂಥದ್ದು, ಮೆದುಳು ಕಣ್ಣು ಹೇಳಿದ್ದನ್ನ ನಂಬುತ್ತೆ ಅಮ್ಮ, ವ್ಯಾಯಾಮ ಕಲಿಸುವ ಹುಡುಗಿ ಅಂದಿದ್ದಳು, ಕೈ ಆಡ್ತಿದೆ ಅಂತ ಕಣ್ಣು ಹೇಳಿದ್ರೆ ಒಳಗೆ ಮಲಗಿರೋದು ಒಂದೊಂದೇ ಏಳುತ್ತೆ, ಹಾಗಾದರೆ ನನ್ನ ಮಗಳ ಕಣ್ಣು ಇಷ್ಟು ದಿನ ಅವಳ ಮೆದುಳಿಗೆ ಏನು ಹೇಳಿತು, ದಿನಕ್ಕೊಂದು ಗಂಟೆ, ಮುಂದೆ ಅಂಗಾತ ಬಿದ್ದ ಬಲಗೈ, ಕನ್ನಡಿಯಲ್ಲಿ ಅಂಗಾತ ಬಿದ್ದ ಅದರ ಜೋಡಿ, ನೋಡು, ಇದೂ ಹೋಯಿತು, ಅದೂ ಹೋಯಿತು.

ಆಸ್ಪತ್ರೆಯಲ್ಲಿ ಯಾರು ಕೊಟ್ಟರು ವ್ಯಾಯಾಮದ ಚಿತ್ರವಿರುವ ಆ ಹಾಳೆ, ಎಲ್ಲರಿಗೂ ಒಂದೇ ಹಾಳೆ, ಅದರಲ್ಲಿ ನಗುತ್ತಾ ಕೂತ ಯಾವಳೋ ಒಬ್ಬಳು, ಲಕ್ವದಲ್ಲಿ ಬಿದ್ದದ್ದು ಅವಳ ಎಡಗೈ, ಅದಕ್ಕೇ ಎಡಗೈ ಒಳಗೆ, ಕನ್ನಡಿಯ ಹಿಂದೆ, ಬಲಗೈ ಹೊರಗೆ, ನಿಮ್ಮ ಮಗಳದು ಬಲಗೈ, ನೀವು ಬದಲಾಯಿಸಿ ಇಡಿ ಅಂತ ಒಂದು ಮಾತು, ಅಷ್ಟು ಹೇಳಿದ್ದರೆ ಆ ಹುಡುಗಿಯ ಬಾಯಿ ಸವೆಯುತ್ತಿತ್ತಾ, ಹೊರಗೆ ಹತ್ತು ಜನ ಕಾಯ್ತಿದ್ದಾರಮ್ಮ, ಚಿತ್ರ ನೋಡಿ ಮಾಡ್ಸಿ ಸಾಕು ಅಂದಳು, ನಾನು ಚಿತ್ರ ನೋಡಿಯೇ ಮಾಡಿಸಿದೆ, ಗೋಡೆಗೆ ಅಂಟಿಸಿ, ಬೆರಳಿಟ್ಟು ನೋಡಿ, ಒಂದು ಕೂದಲೆಳೆ ಆಚೀಚೆ ಆಗದಂತೆ. ಇವಳಿಗೆ ಮೊದಲ ದಿನವೇ ಗೊತ್ತಾಗಿತ್ತು, ಗೊತ್ತಾಗದೆ ಇರುತ್ತದಾ, ಒಂಬತ್ತು ವರ್ಷ ಪಾರ್ಲರಿನಲ್ಲಿ ಕನ್ನಡಿ ನೋಡಿಕೊಂಡೇ ಜನರ ತಲೆಕೂದಲು ಕತ್ತರಿಸಿದವಳು, ಕನ್ನಡೀಲಿ ಕಾಣೋದೇ ನನ್ನ ಕೈ ಅಮ್ಮ, ಇದು ಬರೀ ಅದರ ಜೊತೆಗಾರ ಅನ್ನುತ್ತಿದ್ದಳು, ನೀನು ಕನ್ನಡಿ ನೋಡಿ ಬೈತಲೆ ತೆಗೆದ್ರೆ ಕಾಡುದಾರಿ ಆಗುತ್ತೆ, ಬಾ ಇಲ್ಲಿ ಅಂತ ಬಾಚಣಿಗೆ ಕಿತ್ತುಕೊಳ್ಳುತ್ತಿದ್ದಳು, ಅಂಥವಳ ಬಾಯಲ್ಲಿ ಈಗ ಉಳಿದಿರುವುದು ಒಂದೇ ಒಂದು ಮಾತು, ಬೇಡ, ನೀರು ಬೇಕಾದರೂ ಬೇಡ, ದೀಪ ಹಾಕು ಅನ್ನುವುದಕ್ಕೂ ಬೇಡ, ನಾನು ಕನ್ನಡಿ ಇಟ್ಟಾಗಲೂ ಬೇಡ ಅಂದಳು, ಎಡಗೈ ಹೊರಗೆಳೆದು ಕನ್ನಡಿಯ ಅಂಚು ಹಿಡಿದು ತಳ್ಳಿದಳು, ನಾನು ಹಾಗಲ್ಲ ಪುಟ್ಟಿ, ಹೀಗೆ, ಅಂತ ಆ ಕೈಯನ್ನು ಮೆಲ್ಲಗೆ ಹಿಂದಕ್ಕೆ ಇಟ್ಟೆ, ಮತ್ತೆ ತಳ್ಳಿದಳು, ಮತ್ತೆ ಇಟ್ಟೆ, ಒಂದು ದಿನವೂ ಗದರಲಿಲ್ಲ, ಗದರಿದ್ದರೆ ಜಗಳವಾದರೂ ಆಗುತ್ತಿತ್ತು, ಜಗಳದಲ್ಲಿ ಕನ್ನಡಿ ಬಿದ್ದು ಒಡೆದಾದರೂ ಹೋಗುತ್ತಿತ್ತು. ನಿನ್ನ ತಾಳ್ಮೆ ಯಾರಿಗೂ ಬರಲ್ಲ ಕಣೇ ಅಂದರು ಅವಳ ಅಪ್ಪ ಪೇಪರ್ ಮಡಿಸುತ್ತಾ, ಬೆಂಕಿ ಹಾಕಬೇಕು ಆ ತಾಳ್ಮೆಗೆ, ಮಗಳು ಬಾಯಲ್ಲಿದ್ದ ಒಂದೇ ಮಾತನ್ನು ದಿನಾ ಹೇಳಿದಳು, ನಾನು ದಿನಾ ಅದನ್ನು ಹಟ ಅಂದುಕೊಂಡು ತಲೆ ಸವರಿದೆ.

ದೊಡ್ಡ ಡಾಕ್ಟರು ಹೋದ ವಾರ ತಲೆ ಎತ್ತದೆ ಬರೆದರು, ರೋಗಿ ಸಹಕರಿಸುತ್ತಿಲ್ಲ, ಮುಂದಿನ ವಾರ ಇದೇ ದಿನ ಹನ್ನೊಂದಕ್ಕೆ ಬನ್ನಿ, ಇನ್ನೂ ಹೀಗೇ ಇದ್ರೆ ಬಲಗೈ ವ್ಯಾಯಾಮ ನಿಲ್ಲಿಸೋಣ, ಎಡಗೈಲೇ ಎಲ್ಲಾ ಮಾಡೋದು ರೂಢಿ ಮಾಡ್ಸಿ, ಏನು ಎಲ್ಲಾ, ಎಡಗೈಯಲ್ಲಿ ಬಾಚಣಿಗೆ ಹಿಡಿದರೆ ಕತ್ತರಿ ಯಾವ ಕೈಗೆ, ಅವಳು ಪಕ್ಕದಲ್ಲೇ ಗಾಲಿಕುರ್ಚಿಯಲ್ಲಿ ಕೂತಿದ್ದಳು, ಕಿವಿಗೇನೂ ಆಗಿಲ್ಲ ಅವಳಿಗೆ, ಎಲ್ಲ ಕೇಳಿಸಿಕೊಂಡು ನನ್ನ ಮುಖ ನೋಡಿದಳು, ಪ್ರಯತ್ನ ಮಾಡ್ತಾಳೆ ಸಾರ್, ಸ್ವಲ್ಪ ಹಟ ಅಷ್ಟೆ, ಅಂದೆ, ನಾನೇ ಅಂದೆ, ಈ ಬಾಯಲ್ಲೇ. ಇವತ್ತೇ ಆ ದಿನ, ಈಗ ಗಂಟೆ ಒಂಬತ್ತೂವರೆ, ಹನ್ನೊಂದಕ್ಕೆ ಹೋಗುತ್ತೇನೆ, ಕನ್ನಡಿಯನ್ನು ಕಂಕುಳಲ್ಲಿ ಹಿಡಿದುಕೊಂಡೇ ಹೋಗುತ್ತೇನೆ, ಮೇಜಿನ ಮೇಲಿರುವ ಆ ಫೈಲು ಪೆನ್ನಿನ ಡಬ್ಬಿ ಎಲ್ಲ ಪಕ್ಕಕ್ಕೆ ಸರಿಸಿ, ಕೈ ಇಡಿ ಸಾರ್, ಆಡಿಸಬೇಡಿ, ಒಂದು ಗಂಟೆ ನೋಡ್ತಾ ಕೂತ್ಕೊಳ್ಳಿ, ಆಮೇಲೆ ಸಹಕಾರದ ಮಾತಾಡೋಣ, ಆ ಸಾಲು ಹೊಡೆದುಹಾಕಿ ಬರೆಯಿರಿ, ರೋಗಿ ಮೊದಲ ದಿನದಿಂದ ಸರಿಯಾಗಿಯೇ ಹೇಳುತ್ತಿದ್ದಳು, ತಾಯಿ ಕೇಳಲಿಲ್ಲ, ನಾವೂ ಕೇಳಲಿಲ್ಲ, ಇವತ್ತಿನಿಂದ ಮತ್ತೆ ಇಪ್ಪತ್ತೆರಡು ದಿನ ಕೊಡಿ, ಕೊಡದೆ ನಾನು ಆ ಕೋಣೆ ಬಿಟ್ಟು ಕದಲುವುದಿಲ್ಲ — ಕನ್ನಡಿ ಸ್ವಲ್ಪ ವಾಲಿದೆ, ಡಬ್ಬಿ ಸರಿಸೋಣ ಅಂತ ಕೈ ಚಾಚುತ್ತೇನೆ, ಬೇಡ, ಅನ್ನುತ್ತಾಳೆ, ತಲೆ ಎತ್ತದೆ, ಕನ್ನಡಿಯಿಂದ ಕಣ್ಣು ಕೀಳದೆ, ಚಾಚಿದ ಕೈ ಹಿಂದಕ್ಕೆ ತೆಗೆಯುತ್ತೇನೆ, ಸೆರಗಿನಲ್ಲಿ ಸುತ್ತಿಕೊಳ್ಳುತ್ತೇನೆ, ನಾನು ನಿಂತಿರುವುದು ಕನ್ನಡಿಯ ಬೆನ್ನಿನ ಕಡೆ, ಅವಳಿಗೆ ಅಲ್ಲಿ ಎರಡು ಕೈ ಕಾಣುತ್ತಿವೆ, ಬಿಚ್ಚುತ್ತವೆ, ಮುಚ್ಚುತ್ತವೆ, ಬಿಚ್ಚುತ್ತವೆ, ಅವಳ ಮುಖ ನೋಡಿದರೆ ಗೊತ್ತಾಗುತ್ತದೆ, ಕತ್ತರಿ ಹಿಡಿದಾಗ ಇರುತ್ತಿದ್ದ ಮುಖ, ಅವಳಿಗೆ ಕಾಣದ ಈ ಕಡೆ ನನಗೊಬ್ಬಳಿಗೇ ಕಾಣುವಂತೆ ಆ ಬಲಗೈ, ಅಂಗಾತ, ಬೆರಳು ಅರ್ಧ ಮಡಿಸಿಕೊಂಡು, ಅಂಗಾತ.